ಚಾಳಿನ ಗೂಬೆ

ಘಾಟ್ಕೋಪರ್, ೧೪-೧೧-೧೯೭೩

ದೊಡ್ಡಮ್ಮನಿಗೆ ವಿನೋದಿನಿಯ ನಮಸ್ಕಾರಗಳು.

ಪ್ರಾಣಿಶಾಸ್ತ್ರ ಕಲಿತು ಚಾಳು ಚಾಳು ಸುತ್ತುವ ಕೆಲಸ ಎಂಥದ್ದು ಎಂದು ಕೇಳಿದ್ದಿರಿ. ಹಕ್ಕಿ, ಪ್ರಾಣಿಗಳನ್ನು ಕೊಲ್ಲದಂತೆ ಜನರಿಗೆ ತಿಳಿಹೇಳುವುದೇ ನನ್ನ ಕೆಲಸ; ನಿನ್ನೆ ನಡೆದದ್ದನ್ನು ಬರೆಯುತ್ತೇನೆ. ಇಲ್ಲಿಯ ಒಂದು ಚಾಳಿನಲ್ಲಿ, ಮಾಡಿನ ಸಂದಿಯೊಳಗೆ ಗೂಬೆ ಮರಿ ಮಾಡಿದೆ. ಅದರ ಕೆಳಗಿನ ಖೋಲಿಯಲ್ಲಿ ಗುಲ್ಬರ್ಗದ ಕಡೆಯ ರುಕ್ಮಿಣಿಬಾಯಿಯ ಮಗಳಿಗೆ ಹೆರಿಗೆಯಾಗಿ ಹದಿನೈದು ದಿನ. ಗೂಬೆ ಕೂಗಿದರೆ ಕೂಸಿಗೆ ಕೇಡು ಎಂದು ರುಕ್ಮಿಣಿಬಾಯಿ ಗೂಡು ಕೆಡವಲು ಬಿದಿರುಕೋಲು ಹಿಡಿದು ನಿಂತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ ಮೇಲೆ ಕೋಲು ತುಸು ಕೆಳಗಿಳಿಯಿತು.

ಗೂಬೆ ಕಕ್ಕಿದ ಒಣ ಉಂಡೆಗಳು ಮೆಟ್ಟಿಲ ಮೇಲೆ ಬಿದ್ದಿದ್ದವು. ಒಂದನ್ನು ಅವರೆದುರೇ ಬಿಡಿಸಿದೆ. ಕೂದಲಿನ ನಡುವೆ ಎರಡು ಇಲಿಗಳ ತಲೆಬುರುಡೆಗಳಿದ್ದವು. "ಮರಿಗಳಿಗೆಂದು ದಿನಾ ಹೀಗೆ ಇಲಿ ಹಿಡಿಯುತ್ತದೆ ಅಮ್ಮಾ," ಎಂದೆ.

ಅವರು ಬಗ್ಗಿ ಬುರುಡೆಗಳನ್ನು ನೋಡಿದರು. "ಹೋದ ವಾರ ಬಾಜೂ ಖೋಲ್ಯಾಗ ಕೂಸಿನ ಬೆರಳು ಇಲಿ ಕಡದಿತ್ತು ನೋಡ್ರಿ," ಎಂದರು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, "ಇರ್ಲಿ ಬಿಡ್ರಿ. ಪಾಪ, ಅದೂ ಬಾಣಂತಿನೇ ಅದ," ಎಂದರು. ನಾನು ಹೇಳಬೇಕೆಂದಿದ್ದ ಪಾಠವೆಲ್ಲ ಅಲ್ಲಿಗೇ ಮುಗಿಯಿತು.

ನನ್ನ ಕೆಮ್ಮು ವಾಸಿಯಾಗಿದೆ. ಊಟಕ್ಕೆ ನಮ್ಮೂರಿನ ಮೋನಪ್ಪಣ್ಣನ ಹೋಟೆಲಿದೆ, ಚಿಂತೆ ಬೇಡ. ಕೆಲಸ ಬಿಟ್ಟು ಬಾ ಎಂದು ಅಮ್ಮ ಮತ್ತೆ ಬರೆದಿದ್ದಾಳೆ. ಆ ಮರಿಗಳು ಹಾರುವ ತನಕವಂತೂ ನಾನು ಬರುವುದಿಲ್ಲವೆಂದು ನೀವೇ ಹೇಳಿಬಿಡಿ. ನನ್ನ ಮಾತು ಅವಳು ಕೇಳುವುದಿಲ್ಲ.

ಅಂಚೆ ತೆಗೆಯುವ ಹೊತ್ತಾಯಿತು.
ವಿನೋದಿನಿ