ನೀಲಿ ಮೀನಿಗೆ ನಾಲ್ಕು ಅಡಿ ಸಾಲದು

ಬನಹಟ್ಟಿ
೧೨ ಜನವರಿ ೨೦೧೧

ಸೂರತ್ತಿನಲ್ಲಿರುವ ಅಳಿಯಂದಿರು ಈಶ್ವರ ಅವರಿಗೆ ಗಂಗಾಂಬಿಕಾ ಮಾಡುವ ಆಶೀರ್ವಾದ.

ಇಪ್ಪತ್ತು ಮಗ್ಗ ನಡೆಸುವವಳು ನಾನು. ನನ್ನನ್ನು ಕೇಳದೆ ಈ ಮನೆಯ ಗೋಡೆಗೆ ಯಾರೂ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಆದರೂ ನೀವು ಪಡಸಾಲೆಯಲ್ಲಿ ಸಮುದ್ರದ ಮೀನಿನ ಟ್ಯಾಂಕ್ ಇಟ್ಟಾಗ, ಅಳಿಯನೆಂದು ಸುಮ್ಮನಿದ್ದೆ. "ನಾಕ ಫೂಟ್ ಸಾಕಾಗ್ತೈತ್ರಿ ಅತ್ತಿ, ಟ್ಯಾಂಕ್ ಎಷ್ಟೈತೋ ಮೀನ ಅಷ್ಟ ಬೆಳಿತೈತಿ" ಎಂದಿರಿ.

ನೀವು ಅದರಲ್ಲಿ ಬಿಟ್ಟ ಆ ಎರಡು ನೀಲಿ ಮೀನುಗಳು, ಟ್ಯಾಂಗ್ ಅಂತೀರಲ್ಲ, ಗೇಣುದ್ದ ಬೆಳೆದಿವೆ. ನಿನ್ನೆ ನೋಡಿದರೆ ದೊಡ್ಡದರ ಮೂತಿ ಗಾಜಿಗೆ ತಿಕ್ಕಿ ಹುಣ್ಣಾಗಿತ್ತು. ನೂಲಿಗೆ ಬಣ್ಣ ಹಾಕಲು ಹೊಸದಾಗಿ ಕಟ್ಟಿಸಿದ ಹತ್ತು ಅಡಿಯ ಸಿಮೆಂಟ್ ತೊಟ್ಟಿಗೆ ನೀರು ತುಂಬಿಸಿದೆ. ಬಣ್ಣಕ್ಕೆ ಹಾಕುವ ಉಪ್ಪನ್ನೇ ಕರಗಿಸಿ, ನಾಲಿಗೆಯಿಂದ ಹದ ನೋಡಿ, ನಾನೇ ನಿಂತು ಆ ದೊಡ್ಡ ಮೀನನ್ನು ಅದರೊಳಗೆ ಬಿಡಿಸಿದೆ.

ಕಾಲು ಗಂಟೆಯಲ್ಲಿ ಅದು ಮಗ್ಗುಲಾಗಿ ತೇಲಿತು. "ಸತ್ತೈತ್ರಿ ಅವ್ವಾರ" ಎಂದಳು ಕೆಲಸದ ಲಗಮವ್ವ. ನಲವತ್ತು ವರ್ಷ ಉಪ್ಪಿನ ಹದ ತಪ್ಪದ ನಾಲಿಗೆ ನನ್ನದು. ನನಗಿನ್ನೂ ನಂಬಿಕೆ ಬರುತ್ತಿಲ್ಲ.

ಮೀನು ಮಾರಿದ ಬೆಳಗಾವಿಯ ಹಾಲೇಶನಿಗೆ ಫೋನ್ ಮಾಡಿದೆ.

"ಸಮುದ್ರದ ಮೀನಿಗೆ ಬ್ಯಾರೇನ ಉಪ್ಪ ಬೇಕ್ರಿ. ಆದ್ರ ನಾಕ ಫೂಟ್ ಅದಕ್ಕ ಜೇಲ್ ಇದ್ದಂಗ, ಅದು ಖರೆ."

"ಮತ್ತ ಮಾರೂ ಮುಂದ ಬಾಯಾಗ ಏನ್ ಇಟ್ಕೊಂಡಿದ್ಯೋ?"

"ನಿಮ್ಮ ಅಳಿಯಾರು ಕೇಳಲಿಲ್ರಿ."

ಸತ್ತದ್ದು ನನ್ನ ತಪ್ಪಿನಿಂದ. ಅದನ್ನು ಬೇರೆಯವರ ಮೇಲೆ ಹಾಕುವುದಿಲ್ಲ. ನೀವು ಬರುವಾಗ ಬೇರೆ ಮೀನು ತರಬೇಡಿ. ಉಳಿದದ್ದನ್ನು ಅದರದೇ ನೀರಿನ ಡ್ರಮ್ಮಿನಲ್ಲಿಟ್ಟು, ಇಂದು ನಾನೇ ಬೆಳಗಾವಿಗೆ ಒಯ್ದು ಹಾಲೇಶನ ಎಂಟು ಅಡಿಯ ಟ್ಯಾಂಕಿಗೆ ಬಿಟ್ಟು ಬಂದಿದ್ದೇನೆ.

ನಿಮ್ಮ ಅತ್ತೆ,
ಗಂಗಾಂಬಿಕಾ