ಹೊಸತೊಡಕಿನ ರೇಸು

ಗೆಳೆಯ ಸ್ವಾಮಿ,

ನೀನಿದ್ದಿದ್ದರೆ ಹತ್ತು ನಿಮಿಷದ ಕೆಲಸ. ನನಗೆ ಎರಡು ದಿನ ಹಿಡಿಯಿತು. ಹುಣಸೂರಿನಲ್ಲಿ ಹತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ನಡೆಸಿ, ನಾಲ್ಕು ಕಂಪ್ಯೂಟರ್ ಸಾಕಿದವನು ಅಂತ ನನಗೂ ಒಂದು ಜಂಬವಿತ್ತು. ಅದನ್ನು ನಿನ್ನ ಆ ಹಳೇ ಲಿನಕ್ಸ್ ಕಂಪ್ಯೂಟರ್ ಪೆಟ್ಟಿಗೆ ಸರಿಯಾಗಿ ಇಳಿಸಿತು ಕಣೋ.

ನೆನಪಿದೆಯಾ, ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ, ಊರಿಗೆ ಊರೇ ತೋಪಿನಲ್ಲಿ ಇಸ್ಪೀಟು ಹಾಕಿಕೊಂಡು ಕೂತಿದ್ದರೆ ನಾವು ಮೂವರು ಮಾತ್ರ ನಿಮ್ಮ ನಡುಮನೆಯಲ್ಲಿ ಕಾರು ರೇಸ್ ಆಡುತ್ತಿದ್ದದ್ದು? ನೀನು, ನಾನು, ಬೈಲಕುಪ್ಪೆಯಿಂದ ಬೈಕಿನಲ್ಲಿ ಬರುತ್ತಿದ್ದ ತೆನ್ಜಿನ್. ಇದ್ದದ್ದು ಒಂದೇ ವೈರ್‌ಲೆಸ್ ಕಂಟ್ರೋಲರು, ಸರದಿಗಾಗಿ ಮೂರು ಜನರ ಕಿತ್ತಾಟ. ಒಳಗೆ ಮಟನ್ ಬೇಯುವ ವಾಸನೆ. ನಿಮ್ಮಪ್ಪ ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಿ ಬಂದವರು ನಮ್ಮನ್ನು ನೋಡಿ, "ಹೊಸ್ತೊಡ್ಕಿನ ದಿನ್ವೂ ಈ ಪೆಟ್ಗೆ ಮುಂದೆ ಕೂತವಲ್ಲ, ಇನ್ ವರ್ಸ್ವೆಲ್ಲಾ ಇದೇ ಗತಿ ಕಣ್ಲಾ ನಿಮ್ಗೆ" ಅನ್ನುತ್ತಿದ್ದರು. ಹೊಸತೊಡಕಿನ ದಿನ ಮನೆಯಲ್ಲಿ ಏನು ನಡೆಯುತ್ತೋ ವರ್ಷವಿಡೀ ಅದೇ ನಡೆಯುತ್ತದೆ ಅಂತ ನಿಮ್ಮ ಮನೆಯವರ ಗಟ್ಟಿ ನಂಬಿಕೆ.

ಹೋದ ಯುಗಾದಿಗೆ ನೀನು ಹೋಗಿ ತಿಂಗಳು ತುಂಬಿರಲಿಲ್ಲ. ನಿಮ್ಮ ಮನೆಯಲ್ಲಿ ಹಬ್ಬವಿಲ್ಲ. ಆಮೇಲೆ ನಿಮ್ಮಪ್ಪ ಮಾತೇ ಬಿಟ್ಟರು. ಹೊಲಕ್ಕೆ ಹೋಗುವುದು, ಬರುವುದು, ಉಂಡು ಮಲಗುವುದು, ಅಷ್ಟೇ. ಈ ಸಲ ಹಬ್ಬ ಹತ್ತಿರ ಬಂದಾಗ ನಿಮ್ಮವ್ವ ಫೋನ್ ಮಾಡಿದರು. "ಲೋಕಿ, ವರ್ಸ್ದ ತಿಥಿ ಮುಗೀತಲ್ಲಪ್ಪ. ಹೊಸ್ತೊಡ್ಕಿಗೆ ನೀನೂ ತೆನ್ಜಿನ್ನೂ ಬಂದು ಆಟ ಆಡಿ. ಓದ್ ವರ್ಸ ಅವತ್ತು ಮನೆ ಸುಮ್ಗಿತ್ತು, ವರ್ಸ್ವೆಲ್ಲಾ ಸುಮ್ಗೇ ಕಳೀತು. ಈ ವರ್ಸ್ವೂ ಅಂಗೇ ಆಗ್ಬಾರ್ದು ಕಣಪ್ಪ" ಅಂದರು. ಇಲ್ಲ ಅನ್ನಲು ನನಗೆ ಬಾಯಿ ಬರುತ್ತಿತ್ತಾ, ನೀನೇ ಹೇಳು. ಆಡೇ ಆಡ್ತೀವಿ ಅಂತ ಮಾತು ಕೊಟ್ಟುಬಿಟ್ಟೆ.

ಯುಗಾದಿಯ ದಿನ ಒಬ್ಬಟ್ಟು ತಿಂದವನೇ ನಿಮ್ಮೂರಿಗೆ ಬಂದೆ, ಎಲ್ಲ ಸರಿಯಿದೆಯಾ ನೋಡಿಟ್ಟುಕೊಳ್ಳೋಣ ಅಂತ. ಕಂಪ್ಯೂಟರ್ ಎದ್ದಿತು. ಅಪ್‌ಡೇಟ್ ಮಾಡಲಾ ಅಂತ ಕೇಳಿತು. ಅಂಗಡಿಯ ಅಭ್ಯಾಸ, ಓದದೆ ಹೂಂ ಅಂತ ಒತ್ತಿದೆ. ಅಲ್ಲಿಗೆ, ಕಂಪ್ಯೂಟರಿಗೆ ಕಂಟ್ರೋಲರಿನ ಗುರುತು ಸಿಗಲಿ ಅಂತ ನೀನು ಕೂರಿಸಿದ್ದ ಡ್ರೈವರ್ ಪ್ರೋಗ್ರಾಮು ಹೋಯಿತು. ಸಿಸ್ಟಮ್ಮಿನ ತಿರುಳು ಹೊಸದಾದರೆ ಆ ಡ್ರೈವರನ್ನೂ ಹೊಸದಾಗಿ ಕಟ್ಟಬೇಕು ಅಂತ ನೀನು ಎಷ್ಟು ಸಲ ಹೇಳಿದ್ದೆ. ನಾನು ಅಷ್ಟೇ ಸಲ ತಲೆಯಾಡಿಸಿದ್ದೆ. ಕೇಳಿಸಿಕೊಂಡಿದ್ದರೆ ತಾನೇ...

ನೀನು ಟರ್ಮಿನಲ್ಲಿನ ಆ ಕಪ್ಪು ಪರದೆ ತೆರೆದಾಗಲೆಲ್ಲ ನಾನು ಕಾಫಿಯ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅದಕ್ಕೆ ಸರಿಯಾಗಿ ಅನುಭವಿಸಿದೆ ಬಿಡು. ಮೊಬೈಲಿನಲ್ಲಿ ಹುಡುಕಿ, ಯಾರೋ ಪುಣ್ಯಾತ್ಮ ಬರೆದಿಟ್ಟ ಕಮಾಂಡುಗಳನ್ನು ಆ ಪರದೆಯಲ್ಲಿ ಒಂದೊಂದಾಗಿ ಹೊಡೆದೆ. ಪಾಸ್‌ವರ್ಡ್ ಕೇಳಿತು. ನಿಮ್ಮ ಎತ್ತಿನ ಹೆಸರು ಅಂತ ಗೊತ್ತಿತ್ತಲ್ಲ, ಹೊಡೆದೆ. ಒಂದಕ್ಷರವೂ ಮೂಡಲಿಲ್ಲ. ಅಲ್ಲೀವರೆಗೆ ಚೆನ್ನಾಗಿದ್ದ ಕೀಬೋರ್ಡ್ ಕೆಟ್ಟಿತು ಅಂದುಕೊಂಡೆ. ಹಬ್ಬದ ದಿನ ಯಾವ ಅಂಗಡಿ ತೆರೆದಿರುತ್ತೆ? ಹುಣಸೂರಿಗೆ ವಾಪಸ್ ಹೋಗಿ ನನ್ನ ಅಂಗಡಿಯದನ್ನೇ ಕಿತ್ತುಕೊಂಡು ಬಂದೆ. ಅದರಲ್ಲೂ ಮೂಡಲಿಲ್ಲ. ಕೊನೆಗೆ ತೆನ್ಜಿನ್‌ಗೆ ಫೋನ್ ಮಾಡಿದರೆ, "ಅದು ಕಾಣಲ್ಲ ಲೋಕಿ. ಕಾಣ್ದೇನೇ ಹೋಗ್ತದೆ. ಹೊಡ್ದು ಎಂಟರ್ ಒತ್ತು" ಅಂದ. ಹೌದಾ, ಇಷ್ಟೇನಾ. ಡ್ರೈವರ್ ಕಟ್ಟಿಕೊಂಡಿತು. ರೀಸ್ಟಾರ್ಟ್ ಆಗುವಾಗ ನೀಲಿ ಪರದೆ ಬಂದು, ಈ ಹೊಸ ಡ್ರೈವರನ್ನು ನಂಬಲಾ ಅನ್ನುವ ಹಾಗೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಹೆದರಿ ಬೇಡ ಅಂದೆ. ಸರಿ, ನಂಬಲಿಲ್ಲ. ಮತ್ತೆ ಮೊದಲಿಂದ.

ಹೊಸತೊಡಕಿನ ಬೆಳಗಿನ ಹೊತ್ತಿಗೆ ಡ್ರೈವರ್ ಕೂತಿತ್ತು. ಕಂಪ್ಯೂಟರಿಗೆ ಸಿಕ್ಕಿಸಿದ ಪುಟ್ಟ ರಿಸೀವರಿನ ದೀಪವೂ ಹತ್ತಿತ್ತು. ಆದರೂ ಕಂಟ್ರೋಲರು ಅದಕ್ಕೆ ಸೇರುತ್ತಿಲ್ಲ. ತೆನ್ಜಿನ್ ಬಂದು ಅವನೂ ಒದ್ದಾಡಿದ. ಕೀಬೋರ್ಡಿನಲ್ಲೇ ಆಡೋಣವಾ ಅಂದರೆ ಅವ್ವ ಅಡುಗೆಮನೆಯಿಂದಲೇ, "ಸ್ವಾಮಿ ರಿಮೋಟು ಹಿಡೀದೆ ಅದೇನ್ ಆಟ" ಅಂದರು. ನಿಮ್ಮಪ್ಪ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹಿತ್ತಿಲಿಗೆ ಹೋದರು. ಆಗ ನನಗೆ ನಿಜವಾಗಿ ಭಯವಾಯಿತು ಕಣೋ. ಅವ್ವನಿಗೆ ಏನಂತ ಹೇಳಲಿ?

ನಿನ್ನ ತಿಥಿಯ ದಿನ ನಾನು ಊಟದ ಹೊತ್ತಿಗೆ ಬಂದಿದ್ದೆ, ಎಡೆ ಇಟ್ಟಾಗ ಇರಲಿಲ್ಲ, ಆಮೇಲೆ ಗೊತ್ತಾದದ್ದು. ನಿನಗಿಷ್ಟವಾದದ್ದನ್ನೆಲ್ಲ ನಿನ್ನ ಫೋಟೋದ ಮುಂದೆ ಇಡುವಾಗ ಅವ್ವ ಹೊಸ ಶರ್ಟು, ನಾಟಿಕೋಳಿ ಸಾರಿನ ಜೊತೆ ಈ ಕಂಟ್ರೋಲರನ್ನೂ ಇಟ್ಟು, ಧಾರಾಳವಾಗಿ ಗಂಧ ಕುಂಕುಮ ಹಚ್ಚಿದ್ದರು. ಹಚ್ಚಿದ್ದು ಹಾಗೇ ಒಣಗಿತ್ತು. ಎರಡು ದಿನವೂ ನಾನು ಅದನ್ನು ಅಂಚಿನಲ್ಲಿ ಹಿಡಿದೇ ಕೆಲಸ ಮಾಡಿದೆ, ಅಳಿಸಿಹೋದೀತು ಅಂತ. ಈಗ ತಿರುಗಿಸಿ ನೋಡಿದಾಗ ಕಣ್ಣಿಗೆ ಬಿತ್ತು. ಜೋಡಿಸಲು ಒತ್ತುವ ಆ ಸಣ್ಣ ಬಟನ್ ಗಂಧದ ಕೆಳಗೆ ಕಚ್ಚಿಕೊಂಡು ಕೂತಿದೆ. ಗೊತ್ತಾದ ಮೇಲೂ ಕೆರೆಯಲು ಕೈ ಬರಲಿಲ್ಲ. ತಾಯಿ ಮಗನಿಗೆ ಹಚ್ಚಿದ ಗಂಧ, ನಾನು ಯಾರು ಅದನ್ನು ತೆಗೆಯಲು?

ಅವ್ವ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಮುಖ ನೋಡಿದರು, ಕಂಟ್ರೋಲರ್ ನೋಡಿದರು. ಬಿಡಿಸಿ ಹೇಳುವ ಕಷ್ಟವನ್ನೂ ಕೊಡಲಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ನನ್ನ ಪಕ್ಕ ಕೂತು, ಬಟನ್ ಸುತ್ತ ತಾವೇ ಬಿಡಿಸತೊಡಗಿದರು. "ಆಡೋ ಸಾಮಾನ ದೇವ್ರು ಮಾಡಿ ಮೂಲೇಲಿ ಕೂರ್ಸ್‌ಬುಟ್ಟಿದ್ದೆ. ತಗಾ, ಈಗ ಒತ್ತು." ಒತ್ತಿದೆ. ದೀಪ ಮಿಣುಕಿತು, ಆಮೇಲೆ ನಿಂತು ಉರಿಯಿತು.

ಮೊದಲ ರೇಸು ಅವ್ವನದೇ ಅಂತ ನಾವಿಬ್ಬರೂ ಹಟ ಹಿಡಿದೆವು. ಕಾರು ಹೊರಟ ಕೂಡಲೇ ಗೋಡೆಗೆ ಗುದ್ದಿತು. ಆಮೇಲೆ ಹುಲ್ಲಿನ ಮೆದೆಗೆ, ಆಮೇಲೆ ಮತ್ತೆ ಗೋಡೆಗೆ. ಸದ್ದಿಗೆ ಹಿತ್ತಿಲಿಂದ ಬಂದ ನಿಮ್ಮಪ್ಪ ಎಷ್ಟು ಹೊತ್ತು ತಡೆದುಕೊಂಡರೋ ಏನೋ. "ಬಲಕ್ಕೆ ತಿರುಗ್ಸಮ್ಮಿ, ಬಲಕ್ಕೆ. ಗದ್ದೆ ಉಳ್ತಿದ್ದೀಯಾ? ಕೊಡಿಲ್ಲಿ" ಅಂತ ಕಿತ್ತುಕೊಂಡರು. ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿ ವರ್ಷವಾಗಿತ್ತು. ಊಟಕ್ಕೆ ಎಲೆ ಹಾಕಿದರೂ ಏಳಲಿಲ್ಲ. ತೆನ್ಜಿನ್ ಎಲೆಯ ಮುಂದೆ ಕೂತು ಕಣ್ಣೊರೆಸಿಕೊಂಡ. ಕೇಳಿದರೆ ಖಾರ ಅಂದ.

ಇದಾಗಿ ಹತ್ತು ದಿನ. ನಿನ್ನೆ ಅವ್ವನ ಫೋನ್ ಬಂತು, ಬರೀ ದೂರು. "ದಿನಾ ಸಂಜೆ ಆಡ್ತದೆ ಕಣಪ್ಪ ಈ ಮುದ್ಕ. ಸೋತ್ರೆ ಕಂಪ್ಯೂಟ್ರು ಮೋಸ ಮಾಡ್ತು ಅಂತ ಊರ್ಗೆಲ್ಲಾ ಕೇಳಂಗೆ ಬಯ್ತದೆ. ಮನೇಲಿ ಒಂದ್ ಗಳ್ಗೆ ನೆಮ್ದಿ ಇಲ್ಲ. ನಂಗೆ ಮುಟ್ಟಕ್ಕೂ ಬುಡಲ್ಲ. ಇನ್ನೊಂದು ರಿಮೋಟು ತಂದ್ಕೊಡು ಲೋಕಿ, ಇದ್ನ ಸೋಲಿಸ್ಬೇಕು ನಾನು."

ತಂದಿದ್ದೀನಿ ಕಣೋ. ಭಾನುವಾರ ಹೋಗಿ ಕೂರಿಸಿಕೊಟ್ಟು ಬರ್ತೀನಿ.

ನಿನ್ನ,
ಲೋಕಿ