ಒಂಬತ್ತನೇ ಮಟ್ಟದ ನಲವತ್ತು ಸೆಕೆಂಡು

ಒಳಪೇಟೆ,
ಎರಡನೇ ಇಳಿಗಾಲದ ನೂರ ಹದಿನಾಲ್ಕನೇ ವರ್ಷ, ಉರಿದಿಂಗಳ ಮೂವತ್ತೆಂಟನೇ ದಿನ.

ಹೆಸರು ಗೊತ್ತಿಲ್ಲದ ನಿಮಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ಇನ್ನೂರರ ಆಸುಪಾಸು ಇರಬೇಕು. ತಿಂಗಳಿಗೆ ಮೂವತ್ತು ದಿನ ಎಂಬ ಕಟ್ಟು ನಮ್ಮಲ್ಲಿ ಹೋಗಿ ಬಹಳ ಕಾಲವಾಯಿತು. ಬಿಸಿ ಎಷ್ಟು ದಿನ ಇರುತ್ತದೋ ಉರಿದಿಂಗಳು ಅಷ್ಟು ಉದ್ದ. ನಿಮ್ಮ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತವಳು. ಎಲ್ಲಾದರೂ ಮಾತು ಎಡವಿದರೆ, ನಮ್ಮ ಕಡೆಯ ಪದಗಳು ಅರ್ಥವಾಗದಿದ್ದರೆ, ಬೇಸರಿಸದೆ ಮುಂದಕ್ಕೆ ಓದಿ. ಹೇಳಬೇಕಾದದ್ದು ದೊಡ್ಡದೇನಲ್ಲ.

ನನ್ನ ಹೆಸರು ಅಮರಾವತಿ. ನಾನು ಒಳಪೇಟೆಯ ಸಹಿಗಾರ್ತಿ. ಯಂತ್ರಗಳನ್ನು ನಡೆಸುವ ಆಜ್ಞೆಗಳನ್ನು ನಮ್ಮಲ್ಲಿ ಮನುಷ್ಯರು ಬರೆಯುವುದಿಲ್ಲ, ಹೆಣಿಗೆ ಬರೆಯುತ್ತದೆ. ನೀವು ಕೃತಕ ಬುದ್ಧಿಮತ್ತೆ ಎಂದು ಕರೆಯುತ್ತಿದ್ದುದರ ಮೊಮ್ಮಗು ಅದು. ಪಂಪು, ಫ್ಯಾನು, ಬಾಗಿಲು, ಎಲ್ಲದರ ಆಜ್ಞೆಯನ್ನೂ ಅದೇ ವಿನ್ಯಾಸ ಮಾಡಿ, ಅದೇ ಪರೀಕ್ಷಿಸಿ, ಕೊನೆಗೆ ನನ್ನ ಮುಂದಿಡುತ್ತದೆ. ನಾನು ಓದಿ ಸಹಿ ಹಾಕುತ್ತೇನೆ. ಅವಘಡವಾಗಿ ಜನ ಸತ್ತರೆ, ಆಜ್ಞೆಯ ಯಾವ ಸಾಲಿನಿಂದ ಆಯಿತೋ ಆ ಸಾಲನ್ನು ಮೊದಲು ಬರೆದವರಿಗೆ ಸಹಿಗಾರರು ಒಂದು ಪತ್ರ ಬರೆಯಬೇಕೆಂಬ ನಿಯಮ ನಮ್ಮಲ್ಲಿದೆ. ಬರೆದವರು ಸತ್ತು ನೂರೈವತ್ತು ವರ್ಷವಾಗಿದ್ದರೂ ಬರೆಯಬೇಕು. ಪತ್ರ ಆ ಸಾಲಿನ ಪಕ್ಕದಲ್ಲೇ ಉಳಿಯುತ್ತದೆ. ಇದು ಆ ಪತ್ರ.

ನಾವಿರುವುದು ಕೋಲಾರದ ಸೀಮೆಯಲ್ಲಿ, ಚಿನ್ನ ತೆಗೆದು ಬಿಟ್ಟುಹೋದ ಒಂದು ಗಣಿಬಾವಿಯೊಳಗೆ. ಉರಿದಿಂಗಳಲ್ಲಿ ನೆಲದ ಮೇಲೆ ಹಗಲು ನಿಲ್ಲಲಾಗದು. ಬೆಳಗಿನ ಜಾವವೇ ಹೊಲದ ಕೆಲಸ ಮುಗಿಸಿ, ಬಿಸಿಲು ಏರುವ ಮೊದಲು ಆರು ಸಾವಿರ ಜನ ಕೆಳಗಿಳಿಯುತ್ತೇವೆ, ಸಂಜೆ ಮೇಲೆ ಬರುತ್ತೇವೆ. ಕೆಳಗೆ ಶಾಲೆ, ಮಗ್ಗ, ಆಸ್ಪತ್ರೆ, ರಾಗಿಮುದ್ದೆ ಹುರುಳಿಸಾರು ಬಡಿಸುವ ಊಟದ ಮನೆಗಳು ಎಲ್ಲ ಇವೆ. ಬಾವಿಗೆ ಇಪ್ಪತ್ತೊಂದು ಮಟ್ಟ. ಮಟ್ಟವೆಂದರೆ ಬಾವಿಯಿಂದ ಅಡ್ಡಕ್ಕೆ ಹೊರಟ ಬೀದಿ. ಏರಿ ಇಳಿಯಲು ಇರುವುದು ಒಂದೇ ದೊಡ್ಡ ಲಿಫ್ಟು. ಅದನ್ನು ತೊಟ್ಟಿಲು ಎನ್ನುತ್ತೇವೆ. ಸುತ್ತ ಜಾಲರಿ, ಅಡಿಗೆ ದಪ್ಪ ತಗಡು, ಒಮ್ಮೆಗೆ ನೂರಿಪ್ಪತ್ತು ಜನ. ಇಳಿಯುವಾಗ ಕಿವಿ ಕಟ್ಟುತ್ತದೆ. ಮಕ್ಕಳಿಗೆ ನಡೆಯಲು ಕಲಿಸುವ ಮೊದಲೇ ಉಗುಳು ನುಂಗಲು ಕಲಿಸುತ್ತೇವೆ.

ಈ ತೊಟ್ಟಿಲು ಪ್ರತಿ ಸಲ ಇಳಿಯುವಾಗ ಒಂಬತ್ತನೇ ಮಟ್ಟದಲ್ಲಿ ನಲವತ್ತು ಸೆಕೆಂಡು ನಿಲ್ಲುತ್ತಿತ್ತು. ಒಂಬತ್ತನೇ ಮಟ್ಟದಲ್ಲಿ ಯಾರೂ ಇಲ್ಲ, ಕನಿಷ್ಠ ನಕ್ಷೆಯಲ್ಲಿ ಇಲ್ಲ. ಐವತ್ತು ವರ್ಷದಿಂದ ನಕ್ಷೆ ಅದನ್ನು ಮುಚ್ಚಿದ ಬೀದಿ ಎನ್ನುತ್ತದೆ. ಆದರೂ ನಿಲ್ಲುತ್ತಿತ್ತು. ಅವಸರದಲ್ಲಿದ್ದವರು ಗೊಣಗುತ್ತಿದ್ದರು.

ಕಳೆದ ವರ್ಷ ಬಿಸಿ ಹೆಚ್ಚಾಗಿ, ಎಲ್ಲರನ್ನೂ ಬೇಗ ಇಳಿಸುವ ಅಗತ್ಯ ಬಿತ್ತು. ತೊಟ್ಟಿಲಿನ ಆಜ್ಞೆಗಳನ್ನು ಹೊಸದಾಗಿ ವಿನ್ಯಾಸ ಮಾಡಲು ಹೆಣಿಗೆಗೆ ಹೇಳಿದೆವು. ಅದು ಎಂಬತ್ತಾರು ಬದಲಾವಣೆ ಸೂಚಿಸಿತು. ನಲವತ್ತೊಂದನೆಯದು ಹೀಗಿತ್ತು: ಒಂಬತ್ತನೇ ಮಟ್ಟದ ನಿಲುಗಡೆಗೆ ಕಾರಣ ದಾಖಲಾಗಿಲ್ಲ, ಬೇರೆ ಯಾವ ಆಜ್ಞೆಯೂ ಇದನ್ನು ನೆಚ್ಚಿಕೊಂಡಿಲ್ಲ, ಗಂಟೆ ಒತ್ತಿದರೆ ಮಾತ್ರ ನಿಲ್ಲುವಂತೆ ಮಾಡಬಹುದು, ಮೊದಲು ಸ್ಥಳಕ್ಕೆ ಹೋಗಿ ನೋಡುವುದು ಒಳ್ಳೆಯದು.

ಯಂತ್ರವನ್ನು ದೂರಲು ನಾನು ಬರೆಯುತ್ತಿಲ್ಲ. ಹೋಗಿ ನೋಡಿ ಎಂದು ಅದು ಹೇಳಿತ್ತು.

ನಾನು ಹೋಗಲಿಲ್ಲ. ಮೂರು ವರ್ಷದಲ್ಲಿ ಹಾಗೆ ನಾನೂರು ಸಲ ಹೋಗಿ ನೋಡಿದ್ದೆ. ನಾನೂರು ಸಲವೂ ಹೆಣಿಗೆ ಹೇಳಿದ್ದೇ ಸರಿಯಾಗಿತ್ತು. ತೊಟ್ಟಿಲು ನಡೆಸುವ ಸೊಣ್ಣಪ್ಪನವರನ್ನು ಮಾತ್ರ ಇಳಿಯುತ್ತಿದ್ದಾಗ ಕೇಳಿದೆ. ಅವರಿಗೆ ಅರವತ್ತು ದಾಟಿದೆ, ಮೂವತ್ತು ವರ್ಷದಿಂದ ಅದೇ ಹಿಡಿಕೆಯ ಹತ್ತಿರ ನಿಂತಿದ್ದಾರೆ.

"ಇಲ್ಲಿ ಯಾಕ್ ನಿಲ್ತದಣ್ಣಾ?"

"ನಂಗೇನ್ ಗೊತ್ತಮ್ಮಾ. ನಮ್ಮ ಮಾವ ನಡೆಸ್ತಿದ್ದಾಗ್ಲೂ ನಿಲ್ತಿತ್ತು."

"ತೆಗೆದ್ರೆ ಏನಾದ್ರೂ ಆಗ್ತದಾ?"

"ಏನೂ ಆಗಲ್ಲ ಅನ್ನೋಕೆ ನಾನ್ಯಾರು? ನಿಂತಾಗ ಕಾಲತ್ರ ಗಾಳಿ ಆಡ್ತದೆ. ಅಷ್ಟೇ ನಂಗ್ ಗೊತ್ತಿರೋದು."

ಆ ಮಾತನ್ನು ಕೇಳಿಸಿಕೊಂಡೆ. ಬರೆದುಕೊಳ್ಳಲಿಲ್ಲ. ಕಾಲಿನ ಹತ್ತಿರದ ಗಾಳಿಗೆ ನಮ್ಮ ನಮೂನೆಯಲ್ಲಿ ಜಾಗವಿಲ್ಲ. ನಮೂನೆಯಲ್ಲಿ ಎರಡು ಚೌಕಗಳಿದ್ದವು: ಕಾರಣ ತಿಳಿದಿಲ್ಲ, ಕಾರಣ ಇಲ್ಲ. ಮೊದಲನೆಯದನ್ನು ಒತ್ತಿದರೆ ಕಡತ ಹದಿನೈದು ದಿನ ನಿಲ್ಲುತ್ತದೆ. ಎರಡನೆಯದನ್ನು ಒತ್ತಿದೆ. ಸ್ಥಳ ಪರಿಶೀಲನೆ ಆಗಿದೆ ಎಂದೂ ಒತ್ತಿದೆ. ಸಹಿ ಹಾಕಿದೆ. ಆ ದಿನ ಊಟಕ್ಕೆ ಮೊದಲೇ ಎಂಬತ್ತಾರೂ ಮುಗಿದವು.

ಇನ್ನೊಂದು ವಿಷಯ ಹೇಳಬೇಕು. ಒಂಬತ್ತನೇ ಮಟ್ಟ ಖಾಲಿ ಇಲ್ಲ ಎಂದು ನನಗೆ ಗೊತ್ತಿತ್ತು. ನನ್ನ ತಂಗಿ ಸುಗುಣಾ ಅಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. ಅವಳ ಜೊತೆ ಪಿಳ್ಳಮ್ಮ, ಪಾಪಣ್ಣ ಎಂಬ ದಂಪತಿ. ಆ ಬೀದಿ ತಂಪು, ಹುಳಕ್ಕೆ ಹೇಳಿಮಾಡಿಸಿದ ಜಾಗ. ಹನ್ನೊಂದು ವರ್ಷದ ಹಿಂದೆ ಯಾರೋ ಬಾಯಿಮಾತಿನಲ್ಲಿ ಒಪ್ಪಿಗೆ ಕೊಟ್ಟಿದ್ದರು. ನಕ್ಷೆಯಲ್ಲಿ ಬರೆಸಿದರೆ ಗಾಳಿಮಾಪಕ ಕೂರಿಸಲು ಎರಡು ತಿಂಗಳು ಬೀದಿ ಮುಚ್ಚುತ್ತಾರೆ, ಒಂದು ಬೆಳೆ ಹೋಗುತ್ತದೆ. "ಈ ಬೆಳೆ ಆಗ್ಲಿ ಅಕ್ಕಾ, ಆಮೇಲೆ ಬರೆಸು" ಎಂದು ಅವಳು ಪ್ರತಿ ಬೆಳೆಗೂ ಹೇಳುತ್ತಿದ್ದಳು. ನಾನು ಪ್ರತಿ ಬೆಳೆಗೂ ಸುಮ್ಮನಿದ್ದೆ. ನಿಲುಗಡೆ ತೆಗೆದ ದಿನ ಅವಳಿಗೆ ನಾನೇ ಹೇಳಿದ್ದೆ, ಇನ್ನು ಇಳಿಯುವಾಗ ಹತ್ತುವಾಗ ಗಂಟೆ ಒತ್ತು ಎಂದು. ಎಲ್ಲರೂ ತಮ್ಮನ್ನೇ ನೋಡುವುದು ತಪ್ಪಿತು ಎಂದು ಅವಳಿಗೆ ಸಮಾಧಾನವೇ ಆಯಿತು.

ಒಂಬತ್ತು ದಿನದ ಮೇಲೆ ಅವಳು ನನ್ನ ಕೋಣೆಗೆ ಬಂದಳು.

"ಅಕ್ಕಾ, ಹುಳ ಮೇಯ್ತಾ ಇಲ್ಲ. ಸೊಪ್ಪು ಹಾಕಿದ್ದು ಹಾಕಿದಂಗೇ ಐತೆ. ಮುಟ್ಟಿದ್ರೂ ತಲೆ ಎತ್ತಲ್ಲ."

ನಾನು ಹೆಣಿಗೆಯನ್ನು ಕೇಳಿದೆ. ಬೀದಿಯ ಹೆಸರು ಹೇಳಲಿಲ್ಲ, ಹೇಳುವಂತಿರಲಿಲ್ಲ. ಹುಳ ಮಂಕಾಗಿ ಮೇವು ಬಿಟ್ಟರೆ ಹೆಚ್ಚಾಗಿ ಸಪ್ಪೆ ರೋಗ ಎಂದು ಅದು ಹೇಳಿತು. ಗಾಳಿ ಸರಿಯಾಗಿದೆಯೇ ಎಂದೂ ಕೇಳಿತು. ಗಾಳಿಯ ಪುಸ್ತಕ ಬೇರೆ ಸಹಿಗಾರರದು. ಅದರಲ್ಲಿ ಎಲ್ಲ ಮಟ್ಟವೂ, ಮಾಪಕವೇ ಇಲ್ಲದ ಒಂಬತ್ತೂ, ಹಸಿರಾಗಿತ್ತು. ಸರಿಯಾಗಿದೆ ಎಂದೆ.

"ರೋಗ ಅಂತೆ. ಆ ತಟ್ಟೆಗಳನ್ನ ಸುಣ್ಣ ಹಾಕಿ ತೊಳಿ."

"ನಂಗೂ ತಲೆ ನೋಯ್ತದೆ ಸಂಜೆ ಹೊತ್ಗೆ."

"ಬಿಸಿಗೆ ಇರ್ಬೋದು. ನೀರು ಕುಡಿ."

ಅವಳು ಹೂಂ ಎಂದು ಹೋದಳು. ಅದಾದ ಮೇಲೆ ಹನ್ನೆರಡು ದಿನ ನಾವು ಮಾತಾಡಲಿಲ್ಲ. ಜಗಳವಲ್ಲ, ಇಬ್ಬರಿಗೂ ಕೆಲಸವಿತ್ತು.

ಹದಿಮೂರನೇ ಸಂಜೆ ಒಂಬತ್ತನೇ ಮಟ್ಟದಿಂದ ಗಂಟೆ ಬರಲಿಲ್ಲ. ತೊಟ್ಟಿಲು ಮೇಲೇರುತ್ತಿತ್ತು. ಸೊಣ್ಣಪ್ಪನವರು ಹೆಣಿಗೆಯ ಆಜ್ಞೆ ಮುರಿದು ಕೈಯಾರೆ ಬ್ರೇಕು ಹಾಕಿ ಒಂಬತ್ತರಲ್ಲಿ ನಿಲ್ಲಿಸಿದರು. ಕೂಗಿದರು. ಉತ್ತರ ಬರಲಿಲ್ಲ. ಒಳಗೆ ಹೋಗಲು ಹೊರಟ ಇಬ್ಬರ ತೋಳು ಹಿಡಿದು ತಡೆದರು. "ಯಾರೂ ಕಾಲಿಡ್ಬೇಡಿ. ತೊಟ್ಟಿಲು ಇಲ್ಲೇ ಇರ್ಲಿ, ಗಾಳಿ ಹೋಗ್ಲಿ ಒಳಕ್ಕೆ" ಎಂದರಂತೆ. ತೊಂಬತ್ತು ಜನರನ್ನು ಅರ್ಧ ಗಂಟೆ ಹಾಗೇ ನಿಲ್ಲಿಸಿಕೊಂಡಿದ್ದರು. ಅದರಿಂದ ಆ ತೊಂಬತ್ತರಲ್ಲಿ ಯಾರಿಗೂ ಏನೂ ಆಗಲಿಲ್ಲ.

ನಾನು ಹೋದಾಗ ಮೂವರೂ ತಟ್ಟೆಗಳಿಗೆ ಬೆನ್ನು ಕೊಟ್ಟು ಕೂತಿದ್ದರು. ಪಿಳ್ಳಮ್ಮ ಗಂಡನ ಭುಜಕ್ಕೆ ಒರಗಿದ್ದರು. ಸುಗುಣಾಳ ಮಡಿಲಲ್ಲಿ ಸೊಪ್ಪಿನ ಕುಕ್ಕೆ ಇತ್ತು. ದಣಿದು ಕೂತವರ ಹಾಗೆ ಕಂಡರು. ನಾನು ಅವಳ ಹೆಸರು ಹಿಡಿದು ಎರಡು ಸಲ ಕರೆದೆ, ಆಮೇಲೆ ಕುಕ್ಕೆಯನ್ನು ಎತ್ತಿ ಪಕ್ಕಕ್ಕಿಟ್ಟೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ. ಕೈಬೆರಳು ಬಹಳ ಹೊತ್ತು ಒತ್ತಿಟ್ಟುಕೊಂಡರೆ ಜೋಮು ಹಿಡಿಯುತ್ತದಲ್ಲ, ಮೈಯೆಲ್ಲ ಹಾಗಿದೆ. ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ.

ಕಾರಣ ನಾಲ್ಕನೇ ದಿನ ಸಿಕ್ಕಿತು. ಆ ಬೀದಿಯ ಬಂಡೆಯಿಂದ ಕೆಟ್ಟ ಗಾಳಿ ಸಣ್ಣಗೆ ಒಸರುತ್ತದೆ. ಕೊಳೆತ ಸೊಪ್ಪು, ಹಿಕ್ಕೆ ಅದಕ್ಕೆ ಇನ್ನಷ್ಟು ಸೇರಿಸುತ್ತಿದ್ದವು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಭಾರವಾಗಿ ನೆಲದಲ್ಲಿ ಕೂರುತ್ತದೆ. ಬಾವಿಯಲ್ಲಿ ಫ್ಯಾನಿನ ಗಾಳಿ ಮೇಲಿನಿಂದ ಕೆಳಗೆ ಹೋಗುತ್ತದೆ. ತೊಟ್ಟಿಲು ಒಂಬತ್ತರಲ್ಲಿ ನಿಂತಾಗ ಅದರ ತಗಡಿನ ತಳ ಬಾವಿಗೆ ಬಿರಡೆ ಹಾಕಿದಂತಾಗಿ, ಕೆಳಗೆ ದಾರಿ ಸಿಗದ ಗಾಳಿ ಅಡ್ಡಬೀದಿಗೆ ನುಗ್ಗಿ, ಕೊನೆಯಲ್ಲಿರುವ ಹಳೆಯ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಹಾಗೆ ದಿನಕ್ಕೆ ಐವತ್ತು ಸಲ, ಪ್ರತಿ ಸಲ ನಲವತ್ತು ಸೆಕೆಂಡು, ಬೀದಿ ತಾನೇ ಗುಡಿಸಿಕೊಳ್ಳುತ್ತಿತ್ತು. ಹೆಣಿಗೆಯ ಲೆಕ್ಕದಲ್ಲಿ ತೊಟ್ಟಿಲಿಗೆ ತೂಕವಿತ್ತು, ವೇಗವಿತ್ತು. ತಳ ಇರಲಿಲ್ಲ. ತೊಟ್ಟಿಲಿನ ಪುಸ್ತಕದಲ್ಲಿ ಗಾಳಿ ಇರಲಿಲ್ಲ, ಗಾಳಿಯ ಪುಸ್ತಕದಲ್ಲಿ ತೊಟ್ಟಿಲು ಇರಲಿಲ್ಲ. ಎರಡರಲ್ಲೂ ನನ್ನ ತಂಗಿ ಇರಲಿಲ್ಲ.

ಮಣ್ಣು ಮಾಡಿ ಬರುವಾಗ ಸೊಣ್ಣಪ್ಪನವರು ನನ್ನ ಜೊತೆಗೆ ನಡೆದರು. ನಡೆಯುತ್ತಲೇ ಕೇಳಿದರು:

"ಕಾರಣ ಗೊತ್ತಿಲ್ಲ ಅಂತ ಬರ್ದ್ಯೇನಮ್ಮಾ, ಕಾರಣ ಇಲ್ಲ ಅಂತ ಬರ್ದ್ಯಾ?"

"ಇಲ್ಲ ಅಂತ ಬರೆದೆ."

ಅವರು ತಲೆಯಾಡಿಸಿದರು. ಬೈಯಲಿಲ್ಲ. ಐದು ಜನರ ವಿಚಾರಣಾ ಸಮಿತಿಯೂ ಬೈಯಲಿಲ್ಲ. ನೋಡದೆಯೇ ನೋಡಿದ್ದೇನೆ ಎಂದು ಒತ್ತಿದ್ದನ್ನು, ಬೀದಿಯಲ್ಲಿ ಜನರಿರುವುದನ್ನು ಮುಚ್ಚಿಟ್ಟಿದ್ದನ್ನು ಎಲ್ಲ ಹೇಳಿದೆ. ಉಳಿದ ಸಹಿಗಾರರೂ ಹತ್ತಕ್ಕೆ ಒಂಬತ್ತು ಸಲ ಹಾಗೇ ಒತ್ತುತ್ತಾರೆಂದು ಅವರಿಗೆ ಗೊತ್ತಾಯಿತು. ರೂಢಿಯಂತೆ ನಡೆದಿದ್ದಾರೆ ಎಂದು ಬರೆದು ನನ್ನನ್ನು ಕೆಲಸಕ್ಕೆ ವಾಪಸು ಕಳಿಸಿದರು. ಶಿಕ್ಷೆ ಕೊಟ್ಟಿದ್ದರೆ ಮೈಗೆ ಏನಾದರೂ ತಾಗುತ್ತಿತ್ತೇನೋ.

ಇನ್ನು ನಿಮ್ಮ ವಿಷಯ. ಆ ಸಾಲನ್ನು ಯಾರು ಬರೆದರು ಎಂದು ಹುಡುಕುತ್ತಾ ಹೋದೆ. ನಿಮ್ಮ ಕಾಲದಲ್ಲಿ ಈ ಬಾವಿಯನ್ನು ಪ್ರಯೋಗಕ್ಕೆಂದು ಮತ್ತೆ ತೆರೆದಾಗಿನ ಕಡತ ಸಿಕ್ಕಿತು. ನಿಮ್ಮ ಹೆಸರು ಅಳಿಸಿಹೋಗಿದೆ, ಮಾತು ಉಳಿದಿದೆ. ನೀವು ಕೂಡ ಒಂದು ಯಂತ್ರಬುದ್ಧಿಯ ಸಹಾಯದಿಂದಲೇ ಬರೆಯುತ್ತಿದ್ದಿರಿ. ಒಂಬತ್ತರಲ್ಲಿ ನಲವತ್ತು ಸೆಕೆಂಡು ನಿಲ್ಲಿಸು ಎಂದು ನೀವು ಹೇಳಿದ್ದೀರಿ. ಇದಕ್ಕೆ ಕಾರಣವೇನು, ಟಿಪ್ಪಣಿಯಲ್ಲಿ ಬರೆಯಲೇ ಎಂದು ಅದು ಕೇಳಿದೆ. ನಿಮ್ಮ ಉತ್ತರ ಹೀಗಿದೆ: "ಈಗ ಹಾಕು ಸುಮ್ನೆ, ಕಾರಣ ಆಮೇಲೆ ಬರೀತೀನಿ."

ಅಂದರೆ ನಿಮಗೆ ಗೊತ್ತಿತ್ತು. ಯಾವುದೋ ದಿನ ನೀವೇ ಆ ಬೀದಿಯಲ್ಲಿ ನಿಂತು, ತಲೆ ಸುತ್ತಿ, ತೊಟ್ಟಿಲು ನಿಂತಾಗ ಕಾಲಿಗೆ ಗಾಳಿ ತಾಗಿದ್ದನ್ನು ಗಮನಿಸಿರಬೇಕು. ಒಳ್ಳೆಯ ಕೆಲಸ ಮಾಡಿದಿರಿ. ನೂರಕ್ಕೂ ಹೆಚ್ಚು ವರ್ಷ ಅದು ಜನರನ್ನು ಕಾಪಾಡಿತು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವಷ್ಟು ನಾನು ಸರಿಹೋಗಿಲ್ಲ. ಆಮೇಲೆ ಬರೆಯುತ್ತೇನೆ ಎಂದು ನಾನೂ ಹನ್ನೊಂದು ವರ್ಷ ಹೇಳಿದ್ದೇನೆ.

ಒಂದೇ ಕೋರಿಕೆ. ನೀವಾಗಲಿ, ನಿಮ್ಮ ಪಕ್ಕದ ಮೇಜಿನವರಾಗಲಿ, ಈ ಹೊತ್ತು ಇಂಥದ್ದೊಂದು ಸಾಲು ಬರೆಸುತ್ತಿದ್ದರೆ, ಯಂತ್ರ ಯಾಕೆ ಎಂದು ಕೇಳಿದಾಗ ಉತ್ತರ ಹೇಳಿ. ಚಂದದ ವಾಕ್ಯ ಬೇಡ. ಕಾಲಿಗೆ ಗಾಳಿ ತಾಗುತ್ತದೆ ಎಂದಷ್ಟೇ ಬರೆದರೂ ಸಾಕು. ನಮ್ಮ ಕಾಲದ ಯಂತ್ರಗಳು ಎಲ್ಲವನ್ನೂ ಓದುತ್ತವೆ, ಬರೆದಿದ್ದರೆ.

ತಂಗಿಯ ಸುದ್ದಿ ಅಮ್ಮನಿಗೆ ನಾನೇ ಹೇಳಿದೆ. ಅವರಿಗೆ ಎಂಬತ್ತು. ತೊಟ್ಟಿಲು, ಹೆಣಿಗೆ, ಸಹಿ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿದ ಮೇಲೆ ಅವರು ಒಂದೇ ಮಾತು ಕೇಳಿದರು: "ಮಧ್ಯಾಹ್ನ ಉಂಡಿದ್ಲಾ ಅವ್ಳು?"

ಆ ದಿನದ ದಾಖಲೆ ನನ್ನ ಹತ್ತಿರ ಪೂರ್ತಿ ಇದೆ. ಪ್ರತಿ ಸೆಕೆಂಡಿನ ಗಾಳಿಯ ಒತ್ತಡ, ಪ್ರತಿ ಸಲ ತೊಟ್ಟಿಲು ಹೊತ್ತ ತೂಕ, ಹಗ್ಗದ ಬಿಗಿ. ಎಲ್ಲವನ್ನೂ ಮೂರು ಸಲ ಓದಿದೆ. ಅವಳು ಉಂಡಳೇ ಎಂಬುದು ಅದರಲ್ಲಿ ಇಲ್ಲ.

ಇಂತಿ,
ಅಮರಾವತಿ, ಒಳಪೇಟೆಯ ಸಹಿಗಾರ್ತಿ